ಮೋಟಾರು ಗಾಡಿಗಳ ನೇರ ಮಾರಾಟವೂ ಗಿರಾಕಿಯ ಹಿತವೂ

ಮೋಟಾರು ಗಾಡಿಗಳನ್ನು ಕಟ್ಟುವ ಕಾರಖಾನೆಯವರು ಅವುಗಳನ್ನು ನಡುವಣ ವರ್ತಕರ ಕೈಗೆ ಕೊಡದೆ ತಾವೇ ಗಿರಾಕಿಗಳಿಗೆ ಮಾರಬಹುದೆ, ಮಾರಕೂಡದೆ ಎಂಬ ಪ್ರಶ್ನೆಯು ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿ ಚರ್ಚೆಗೆ ಬಂದಿದೆ. ಇದು ಸಿರಿವಂತರ ವಿನೋದಕ್ಕೆ ಸಂಬಂಧಿಸಿದ ವಿಷಯವೆಂದು ಬಗೆದು ನಮ್ಮ ಮಹಾಜನರು ಉದಾಸೀನರಾಗಿರುವಂತೆ ತೋರುತ್ತದೆ. ಬೆಳಗಿನ ಹೊತ್ತು ಕೃಷ್ಣರಾಜಪುರದ ತೂಗುಸೇತುವೆಯ ಬಳಿ ನಿಂತು ನೋಡುವವರಿಗೆ ಈ ಭ್ರಮೆ ಉಳಿಯದು. ದೂರವಾಣಿನಗರಕ್ಕೂ ಮಹದೇವಪುರಕ್ಕೂ ವೈಟ್‌ಫೀಲ್ಡಿಗೂ ಹೊಟ್ಟೆಯ ಪಾಡಿಗಾಗಿ ಹೋಗುವ ಸಾವಿರಾರು ಜನರು ದ್ವಿಚಕ್ರ ಗಾಡಿಗಳ ಮೇಲೆಯೇ ಹೋಗುತ್ತಾರೆ. 2023ರಲ್ಲಿ ಮೆಟ್ರೋ ರೈಲು ಬಂದುದು ಉಪಕಾರವೇ ಸರಿ. ಆದರೆ ಮನೆಯಿಂದ ನಿಲ್ದಾಣಕ್ಕೂ ನಿಲ್ದಾಣದಿಂದ ಕೆಲಸದ ಸ್ಥಳಕ್ಕೂ ಹೋಗಲು ಗಾಡಿಯಿಲ್ಲದೆ ನಡೆಯದವರು ಅನೇಕರಿದ್ದಾರೆ. ಇಂಥವನ ಗಾಡಿ ಎಂಟು ದಿನ ಕೆಟ್ಟು ನಿಂತರೆ ಅವನ ಸಂಸಾರವೇ ಕುಂಟುತ್ತದೆ.

ಹಳೆಯ ಪದ್ಧತಿಯಲ್ಲಿ ಕಾರಖಾನೆಯವರು ಊರೂರಿಗೆ ವರ್ತಕರನ್ನು ನೇಮಿಸುತ್ತಿದ್ದರು. ವರ್ತಕನು ತನ್ನ ಹಣದಿಂದಲೋ ಬ್ಯಾಂಕಿನ ಸಾಲದಿಂದಲೋ ಮಳಿಗೆ ಕಟ್ಟಿ, ಗಾಡಿಗಳನ್ನು ಕೊಂಡಿಟ್ಟು, ರಿಪೇರಿಯ ಶಾಲೆಯನ್ನು ನಡೆಸುತ್ತಿದ್ದನು. ಹೊಸ ಪದ್ಧತಿಯು ಇದನ್ನು ಹಲವು ಬಗೆಯಲ್ಲಿ ಮಾರ್ಪಡಿಸಿದೆ. 2021ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಬೆಂಜ್ ಕಂಪನಿಯವರು ಗಾಡಿಗಳ ದಾಸ್ತಾನನ್ನು ತಾವೇ ಇಟ್ಟುಕೊಂಡು, ದೇಶಕ್ಕೆಲ್ಲ ಒಂದೇ ಬೆಲೆಯನ್ನು ಗೊತ್ತುಮಾಡಿ, ವರ್ತಕರನ್ನು ಪ್ರತಿಫಲ ಪಡೆಯುವ ಸಹಾಯಕರನ್ನಾಗಿ ಮಾಡಿದರು. ಅದೇ ವರ್ಷ ನಮ್ಮ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿಯವರು ವರ್ತಕರೇ ಇಲ್ಲದೆ ಅಂತರ್ಜಾಲದ ಮೂಲಕ ವಿದ್ಯುತ್ ಸ್ಕೂಟರುಗಳನ್ನು ಮಾರಲು ತೊಡಗಿದರು. ಅಮೆರಿಕದ ಟೆಸ್ಲಾ ಕಂಪನಿಯು 2025ರ ಜುಲೈಯಲ್ಲಿ ಮುಂಬಯಿಯಲ್ಲಿ ಸ್ವಂತ ಮಳಿಗೆಯನ್ನೇ ತೆರೆಯಿತು. ಇದಕ್ಕೆ ಪ್ರತಿಯಾಗಿ, 2018ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಆರಂಭಿಸಿದ ಏಥರ್ ಕಂಪನಿಯವರು ಮೊದಲು ಇಂದಿರಾನಗರದಲ್ಲಿ ತಮ್ಮದೇ ಮಳಿಗೆಯನ್ನು ಇಟ್ಟಿದ್ದರೂ, ಬೇರೆ ಊರುಗಳಿಗೆ ಹಬ್ಬುವಾಗ ವರ್ತಕರ ನೆರವನ್ನೇ ಪಡೆದರು.

ನೇರ ಮಾರಾಟದ ಪಕ್ಷದವರ ವಾದದಲ್ಲಿ ಸತ್ಯಾಂಶವಿದೆ. ನಡುವಣವನ ಲಾಭಾಂಶವು ಕೊನೆಗೆ ಗಿರಾಕಿಯ ತಲೆಯ ಮೇಲೆಯೇ ಬೀಳತಕ್ಕದ್ದು. ಗಾಡಿಯ ಬೆಲೆಯೊಂದನ್ನು ಹೇಳಿ, ವಿಮೆ, ಅಲಂಕಾರ ಸಾಮಗ್ರಿ, ನಿರ್ವಹಣಾ ವೆಚ್ಚ ಎಂದು ನಾನಾ ಬಾಬುಗಳನ್ನು ಸೇರಿಸುವ ಕೆಲವು ವರ್ತಕರ ಚಾಳಿಯನ್ನು ಅರಿಯದವರಾರು? ಸ್ಕೂಟರಿಗಾಗಿ ವರ್ಷಗಟ್ಟಲೆ ಕಾದು, ಕಡೆಗೆ ಮೇಲುಹಣ ತೆತ್ತು ಕೊಳ್ಳಬೇಕಾಗಿದ್ದ ಕಾಲವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ವರ್ತಕರು ಹಲವರಿದ್ದರೆ ಪೈಪೋಟಿಯಿಂದ ಬೆಲೆ ಇಳಿಯುವುದೆಂಬ ಮಾತೂ ಎಲ್ಲ ಕಡೆಯಲ್ಲಿ ನಿಜವಲ್ಲ. ವರ್ತಕರು ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಸೋಡಿ ಕೊಡದಂತೆ ತಡೆದರೆಂದು ಭಾರತದ ಸ್ಪರ್ಧಾ ಆಯೋಗವು 2021ರ ಆಗಸ್ಟಿನಲ್ಲಿ ಮಾರುತಿ ಸುಜುಕಿ ಕಂಪನಿಗೆ 200 ಕೋಟಿ ರೂಪಾಯಿ ದಂಡವನ್ನು ವಿಧಿಸಿತು. ಕಂಪನಿಯವರು ಅದರ ಮೇಲೆ ಅಪೀಲು ಹೋದರು. ವರ್ತಕನಿದ್ದ ಮಾತ್ರಕ್ಕೆ ಪೈಪೋಟಿ ಇದ್ದೀತೆಂದು ನಂಬಲಾಗದು.

ಆದರೆ ಇನ್ನೊಂದು ಪಕ್ಷವನ್ನೂ ತೂಗಿ ನೋಡಬೇಕು. ಗಾಡಿಯ ವ್ಯವಹಾರವು ಹಣ ಕೊಟ್ಟ ದಿನ ಮುಗಿಯತಕ್ಕದ್ದಲ್ಲ. ಆ ದಿನ ಅದು ಆರಂಭವಾಗುತ್ತದೆ. ಓಲಾ ಕಂಪನಿಯ ಮೇಲೆ ಒಂದು ವರ್ಷದ ಅವಧಿಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ದೂರುಗಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದುದರಿಂದ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಆ ಕಂಪನಿಗೆ ಕಾರಣ ಕೇಳಿ ನೋಟೀಸು ಕೊಟ್ಟಿತು. ಅದಕ್ಕೆ ಒಂದು ತಿಂಗಳ ಹಿಂದೆ ಕಲಬುರಗಿಯಲ್ಲಿ ಆ ಕಂಪನಿಯ ಮಳಿಗೆಯೇ ಬೆಂಕಿಗೆ ಆಹುತಿಯಾಯಿತು. ರಿಪೇರಿಯ ವಿಷಯದಲ್ಲಿ ಬೇಸತ್ತ ಗಿರಾಕಿಯೊಬ್ಬನು ಅದನ್ನು ಹಚ್ಚಿದನೆಂಬುದು ಪೊಲೀಸರ ಆಪಾದನೆ. ಇಂಥ ಕೃತ್ಯವನ್ನು ನಾವು ಖಂಡಿಸುತ್ತೇವೆ. ಆದರೂ ತನ್ನ ಅಳಲನ್ನು ಕೇಳತಕ್ಕವರು ಯಾರೆಂಬುದೇ ಗಿರಾಕಿಗೆ ತಿಳಿಯದ ಸ್ಥಿತಿಯು ಎಂಥ ಅನರ್ಥಕ್ಕೆ ಎಡೆಗೊಡುವುದೆಂಬುದನ್ನು ಅಧಿಕಾರಿಗಳು ಮನಗಾಣಬೇಕು. ಊರಿನ ವರ್ತಕನಾದರೆ ಸಂತೆಯಲ್ಲಿಯೋ ದೇವಸ್ಥಾನದಲ್ಲಿಯೋ ಗಿರಾಕಿಯ ಮುಖವನ್ನು ನೋಡಬೇಕಾದವನು. ಆ ದಾಕ್ಷಿಣ್ಯವು ದೂರದ ಯಂತ್ರವಾಣಿಗೆ ಇಲ್ಲ.

ವರ್ತಕರ ಸಂಕಟವೂ ಹುಸಿಯಲ್ಲ. ಜನರಲ್ ಮೋಟಾರ್ಸ್ ಕಂಪನಿಯವರು 2017ರಲ್ಲಿ ಭಾರತದಲ್ಲಿ ಮಾರಾಟವನ್ನೂ ಫೋರ್ಡ್ ಕಂಪನಿಯವರು 2021ರಲ್ಲಿ ಇಲ್ಲಿನ ಗಾಡಿ ತಯಾರಿಕೆಯನ್ನೂ ನಿಲ್ಲಿಸುವುದಾಗಿ ಸಾರಿದಾಗ, ಅವರನ್ನು ನಂಬಿ ಬಂಡವಾಳ ಹೂಡಿದ ದೇಶೀಯ ವರ್ತಕರೂ ಅವರ ಕೈಕೆಳಗಿನ ಕೆಲಸಗಾರರೂ ನಡುನೀರಿನಲ್ಲಿ ಉಳಿದರು. ಪರದೇಶದ ಬಂಡವಾಳಗಾರನು ಲಾಭವಿದ್ದಾಗ ಬಂದು ನಷ್ಟವಾದಾಗ ಗಂಟು ಕಟ್ಟುವುದು ನಮಗೆ ಹೊಸ ಅನುಭವವಲ್ಲ. ಅಮೆರಿಕದಲ್ಲಿಯೂ ಹೀಗೆಯೇ ನಡೆದುದುಂಟು. 1920-21ರ ವ್ಯಾಪಾರ ಕುಸಿತದಲ್ಲಿ ಹೆನ್ರಿ ಫೋರ್ಡನು ವರ್ತಕರು ಕೇಳದ ಗಾಡಿಗಳನ್ನೂ ಅವರ ಮೇಲೆ ಹೊರಿಸಿ, ಅವರಿಂದ ಸಾಲ ಮಾಡಿಸಿ ಹಣ ಪಡೆದನು. ಇಂಥ ಬಲಾತ್ಕಾರಗಳ ಫಲವಾಗಿ ಅಲ್ಲಿನ ಸಂಸ್ಥಾನಗಳು ವರ್ತಕರ ರಕ್ಷಣೆಗೆ ಕಾನೂನುಗಳನ್ನು ಮಾಡಿದವು. 1956ರಲ್ಲಿ ಕೇಂದ್ರ ಶಾಸನವೂ ಬಂದಿತು. ಆದರೆ ರಕ್ಷಣೆಗೆ ಕಟ್ಟಿದ ಬೇಲಿಯು ಕ್ರಮೇಣ ಕೋಟೆಯಾಯಿತು. ಟೆಸ್ಲಾ ಕಂಪನಿಯು 2021ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಟೆಕ್ಸಾಸಿಗೆ ಸಾಗಿಸಿದರೂ, ಅಲ್ಲಿನ ಕಾನೂನು ಆ ಸಂಸ್ಥಾನದಲ್ಲಿ ಕಾರಖಾನೆಯವರ ನೇರ ಮಾರಾಟಕ್ಕೆ ಅಡ್ಡವಾಗಿಯೇ ನಿಂತಿತು.

ನಮಗೆ ಈ ಎರಡು ಅತಿಗಳೂ ಬೇಡ. ನಮ್ಮ ಕಾನೂನು ನೇರ ಮಾರಾಟವನ್ನು ನಿಷೇಧಿಸಿಲ್ಲ. ನಿಷೇಧಿಸಬೇಕೆಂದು ನಾವು ಕೇಳುವುದೂ ಇಲ್ಲ. ಆದರೆ 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಾದ ತಿದ್ದುಪಡಿಯು, ವರ್ತಕನಿರುವ ರಾಜ್ಯದಲ್ಲಿಯೇ ನೋಂದಣಿಯಾಗುವ ಹೊಸ ಗಾಡಿಗೆ ಅರ್ಜಿ ಹಾಕುವ ಹೊಣೆಯನ್ನು ವರ್ತಕನ ಮೇಲೆ ಇಟ್ಟಿದೆ. ಕಾರಖಾನೆಯವನೇ ವರ್ತಕನಾದರೆ ವರ್ತಕನ ಸಮಸ್ತ ಹೊಣೆಯೂ ಅವನದಾಗಬೇಕು. 2025ರಲ್ಲಿ ಮಹಾರಾಷ್ಟ್ರದ ಸಾರಿಗೆ ಅಧಿಕಾರಿಗಳು ವ್ಯಾಪಾರ ಪ್ರಮಾಣಪತ್ರದ ವಿಷಯದಲ್ಲಿ ಓಲಾ ಮಳಿಗೆಗಳನ್ನು ತನಿಖೆ ಮಾಡಿದರು. ಕೃಷ್ಣರಾಜಪುರದ ಸಾರಿಗೆ ಕಚೇರಿಯವರೂ ಅಂಥ ಎಚ್ಚರವನ್ನು ವಹಿಸತಕ್ಕದ್ದು. ಆ ಪ್ರಮಾಣಪತ್ರವು ಬರಿಯ ಕಾಗದವಾಗಿ ಉಳಿಯಬಾರದು.

ನಮ್ಮ ಸಲಹೆಗಳು ಇಷ್ಟೆ. ಮಾರುವ ಪ್ರತಿಯೊಂದು ಜಿಲ್ಲೆಯಲ್ಲಿಯೂ ರಿಪೇರಿಯ ವ್ಯವಸ್ಥೆ ಇರುವುದೆಂದು ತೋರಿಸಿಕೊಟ್ಟ ಮೇಲೆಯೇ ಮಾರಾಟಕ್ಕೆ ಅಪ್ಪಣೆಯಾಗಲಿ. ದುರಸ್ತಿಗೆ ತಡವಾದರೆ ದಿನಲೆಕ್ಕದಲ್ಲಿ ಪರಿಹಾರ ದೊರೆಯಲಿ. ಬಿಡಿಭಾಗಗಳೂ ದುರಸ್ತಿಯ ವಿವರಗಳೂ ಬೀದಿಯ ಮೆಕ್ಯಾನಿಕನಿಗೂ ನ್ಯಾಯವಾದ ಬೆಲೆಗೆ ಸಿಕ್ಕಲಿ. ಕಂಪನಿಯು ದೇಶವನ್ನು ಬಿಟ್ಟು ಹೋದರೂ ಗಿರಾಕಿಗೆ ಕೊಟ್ಟ ಭರವಸೆಯು ಸಲ್ಲುವಂತೆ ಠೇವಣಿಯೊಂದು ಇರಲಿ. ವರ್ತಕರೊಡನೆ ಮಾಡಿಕೊಂಡ ಒಪ್ಪಂದವನ್ನು ಏಕಾಏಕಿ ಮುರಿಯದಂತೆ ಕೇಂದ್ರ ಸರಕಾರವು ಶಾಸನ ಮಾಡಲಿ. ಭರವಸೆಪತ್ರವೂ ರಶೀತಿಯೂ ದೂರು ಕೇಳುವ ವಾಣಿಯೂ ಕನ್ನಡದಲ್ಲಿ ಇರಬೇಕೆಂದು ಒತ್ತಾಯಿಸುವುದು ನಮ್ಮ ರಾಜ್ಯ ಸರಕಾರದ ಕರ್ತವ್ಯ. ಕನ್ನಡಿಗನ ಹಣವು ಯಾವ ಭಾಷಾಂತರವೂ ಇಲ್ಲದೆ ಸ್ವೀಕಾರವಾಗುವಾಗ, ಅವನ ದೂರಿಗೆ ಮಾತ್ರ ಪರಭಾಷೆಯ ಪರೀಕ್ಷೆ ಏಕೆ?

ಗಿರಾಕಿಗಳೂ ಕೈಕಟ್ಟಿ ಕುಳ್ಳಿರಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ, ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ತಾನು ವಾಸಿಸುವ ಅಥವಾ ಕೆಲಸ ಮಾಡುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ಫಿರ್ಯಾದು ಹೂಡುವ ಹಕ್ಕು ಗ್ರಾಹಕನಿಗೆ ಉಂಟು. ಈ ಹಕ್ಕನ್ನು ಬಲ್ಲವರು ಕಡಿಮೆ. ಬಳಸುವವರು ಇನ್ನೂ ಕಡಿಮೆ. ಹಣ ತೆರುವ ಮುನ್ನ ರಿಪೇರಿಯ ಶಾಲೆ ಎಲ್ಲಿದೆ, ಯಾರು ಉತ್ತರ ಹೇಳತಕ್ಕವರು ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿರೆಂದು ವಾಚಕರಲ್ಲಿ ನಮ್ಮ ವಿನಂತಿ. ಮಾರುವವನು ಯಾರೇ ಆಗಲಿ, ಹೊಣೆಯನ್ನು ಹೊರದವನಿಗೆ ಕನ್ನಡ ನಾಡಿನಲ್ಲಿ ವ್ಯಾಪಾರದ ಅಪ್ಪಣೆ ದೊರೆಯಬಾರದೆಂಬುದು ನಮ್ಮ ಖಚಿತವಾದ ಅಭಿಪ್ರಾಯ.