ಪದದ ಕೀಲಿ, ಅರ್ಥದ ಕೀಲಿಕೈ

ಸಗರನಾಡಿನ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ನಡೆಯುವ ಭಜನೆಯಲ್ಲಿ ಹಾಡುವುದರಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ. ಅದು ಪದವನ್ನು ಬಿಡಿಸುವುದು. ಏಕತಾರಿ, ದಮ್ಮಡಿ, ತಾಳಗಳ ಜೊತೆಗೆ ಒಬ್ಬರು ತತ್ವಪದವನ್ನು ಎತ್ತಿಕೊಳ್ಳುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ಪದ ಮುಗಿದ ಮೇಲೆ ‘ಇದರ ಒಳಗಿನ ಅರ್ಥ ಏನದ ಮುತ್ಯಾ?’ ಎಂಬ ಪ್ರಶ್ನೆ ಬರುತ್ತದೆ. ಹಿರಿಯರೊಬ್ಬರು ಸಾಲು ಸಾಲಾಗಿ ಬಿಡಿಸಿ ಹೇಳುತ್ತಾರೆ. ಇನ್ನೊಬ್ಬರು ಅದನ್ನು ಒಪ್ಪದೆ ಬೇರೆ ಅರ್ಥವನ್ನು ಮುಂದಿಡುತ್ತಾರೆ. ಹಾಡಿಗೆ ಅರ್ಥ ಹೇಳುವ ಹಕ್ಕು ಯಾರದು, ಹೇಳಿದ ಅರ್ಥ ಸರಿಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗಳನ್ನು ಈ ಕಟ್ಟೆಗಳು ತಲೆಮಾರುಗಳಿಂದ ಚರ್ಚಿಸುತ್ತ ಬಂದಿವೆ.

ಶಹಾಪುರ ತಾಲ್ಲೂಕಿನ ಸಗರ ಎಂಬ ಊರಿನ ಹೆಸರನ್ನೇ ಹೊತ್ತ ಈ ನಾಡು ಗೂಢ ಮಾತಿನ ಸಂತರಿಗೆ ಹೆಸರಾದದ್ದು. ಕೃಷ್ಣಾ ತೀರದ ತಿಂಥಣಿಯಲ್ಲಿ ಮೌನೇಶ್ವರರ ಗುಡಿಯಿದೆ. ಹಿಂದೂ, ಮುಸ್ಲಿಂ ಭಕ್ತರಿಬ್ಬರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಹಿಂದೆ ಸುರಪುರ ತಾಲ್ಲೂಕಿಗೆ ಸೇರಿದ್ದು ಈಗ ಹುಣಸಗಿ ತಾಲ್ಲೂಕಿನಲ್ಲಿರುವ ಕೊಡೇಕಲ್ಲಿನ ಬಸವಣ್ಣನ ಪರಂಪರೆ ಕಾಲಜ್ಞಾನದ ವಚನಗಳಿಗೆ ಪ್ರಸಿದ್ಧ. ಪಕ್ಕದ ಕಲಬುರಗಿ ಜಿಲ್ಲೆಯ ಕಡಕೋಳದಲ್ಲಿ ಮಡಿವಾಳಪ್ಪನವರು ನೆಲೆಸಿದ್ದರು. ಅವರ ಮತ್ತು ಅವರ ಶಿಷ್ಯರ ಪದಗಳು ಈ ಸೀಮೆಯ ಭಜನಾ ಮೇಳಗಳ ದೊಡ್ಡ ಆಸ್ತಿ.

ಈ ಪದಗಳಲ್ಲಿ ಎದ್ದು ಕಾಣುವುದು ಮನೆ, ಹೊಲ, ಬಾವಿ, ಮಗ್ಗ, ಬಂಡಿ, ಎತ್ತು. ಒಕ್ಕಲುತನದ ಮನೆಯಲ್ಲಿ ಕಣ್ಣಿಗೆ ಬೀಳುವ ವಸ್ತುಗಳೇ ಎಲ್ಲ. ಆದರೆ ಅವು ನಡೆದುಕೊಳ್ಳುವ ರೀತಿ ಮಾತ್ರ ವಿಚಿತ್ರ. ಸಣ್ಣದು ದೊಡ್ಡದನ್ನು ನುಂಗುತ್ತದೆ, ಬೇರು ಮೇಲಕ್ಕೆ ಬೆಳೆಯುತ್ತದೆ. ಇದನ್ನು ಬಿಡಿಸಲು ಕೆಲವು ಸಂಖ್ಯೆಗಳು ನೆರವಾಗುತ್ತವೆ. ಐದು ಎಂದರೆ ಪಂಚಭೂತ ಅಥವಾ ಪಂಚೇಂದ್ರಿಯ, ಆರು ಎಂದರೆ ಕಾಮಕ್ರೋಧಾದಿ ವೈರಿಗಳು, ಎಂಟು ಎಂದರೆ ಅಷ್ಟಮದ, ಒಂಬತ್ತು ಎಂದರೆ ದೇಹದ ನವದ್ವಾರ. ಒಂಬತ್ತು ಬಾಗಿಲ ಮನೆಯಲ್ಲಿ ಐದು ಆಳುಗಳು ಆಳುತ್ತಿದ್ದಾರೆ, ಯಜಮಾನ ಮಲಗಿದ್ದಾನೆ ಎಂಬ ಚಿತ್ರ ಒಂದು ಪದದಲ್ಲಿ ಬಂತೆನ್ನಿ. ಮನೆ ಈ ಮೈ, ಆಳುಗಳು ಇಂದ್ರಿಯಗಳು, ಯಜಮಾನ ಎಚ್ಚರ ತಪ್ಪಿದ ಆತ್ಮ. ಇದು ಎಲ್ಲ ಹಿರಿಯರೂ ಹೇಳುವ ಅರ್ಥ.

ಇಷ್ಟು ಸರಳವಾದ ಮಾತನ್ನು ಬಚ್ಚಿಟ್ಟು ಹೇಳುವುದೇಕೆ? ಸಾಧನೆಯ ವಿಷಯ ಗುರುವಿನಿಂದಲೇ ತಿಳಿಯಬೇಕು, ಸಿಕ್ಕವರ ಕೈಗೆ ಸಿಗಬಾರದು ಎಂಬುದು ಒಂದು ಕಾರಣ. ಬೌದ್ಧ ಸಿದ್ಧರ ಚರ್ಯಾಪದಗಳ ಸಂಧ್ಯಾಭಾಷೆ, ಕಬೀರರ ತಲೆಕೆಳಗಾದ ಮಾತಿನ ಹಾಡು, ಅಲ್ಲಮಪ್ರಭುವಿನ ಬೆಡಗಿನ ವಚನ ಇವೆಲ್ಲವೂ ಇದೇ ದಾರಿಯವು. ಬೆಡಗಿನ ವಚನಗಳಿಗೆ ಟೀಕೆ ಬರೆಯುವ ಸಂಪ್ರದಾಯ ಕನ್ನಡದಲ್ಲಿ 15ನೆಯ ಶತಮಾನದ ಸುಮಾರಿಗೇ ಬೆಳೆದಿತ್ತು. ಇನ್ನೊಂದು ಕಾರಣ ನೆನಪಿನದು. ಸೀದಾ ಹೇಳಿದ ಉಪದೇಶ ಮರುದಿನ ಮರೆತುಹೋಗುತ್ತದೆ. ಒಡಪಿನಂಥ ಮಾತು ಹೊಲದಲ್ಲಿ ಕಳೆ ಕೀಳುವಾಗಲೂ ತಲೆಯಲ್ಲಿ ಸುತ್ತುತ್ತಿರುತ್ತದೆ.

ಕೀಲಿಕೈ ಸಿಕ್ಕಿತೆಂದು ಬಿಡಿಸುವ ಕೆಲಸ ಮುಗಿಯುವುದಿಲ್ಲ. ಇಲ್ಲಿ ಎರಡು ಅಪಾಯಗಳಿವೆ. ಒಂದು, ಪದವನ್ನು ಭವಿಷ್ಯವಾಣಿಯಾಗಿ ಓದುವುದು. ಕೊಡೇಕಲ್ಲಿನ ಪರಂಪರೆಯ ಬರಹಗಳಿಗೆ ‘ಅಮರಗನ್ನಡ’ ಎಂಬ ಗುಪ್ತಲಿಪಿಯೇ ಇತ್ತು. ಲಿಪಿಯೂ ಗೂಢ, ಮಾತೂ ಗೂಢವಾದಾಗ ಪ್ರತಿಯೊಂದು ತಲೆಮಾರೂ ತನ್ನ ಕಾಲದ ಬರ, ನೆರೆ, ರಾಜ್ಯ ಪಲ್ಲಟಗಳನ್ನು ಅದರೊಳಗೆ ಕಾಣುವುದು ಸಹಜ. ಆದರೆ ನಡೆದ ಮೇಲೆ ಹೊಂದಿಸಿಕೊಳ್ಳುವ ಅರ್ಥ ಯಾವ ಮಾತಿಗಾದರೂ ಹೊಂದುತ್ತದೆ. ಕಾಲ ಕೆಡುತ್ತದೆ ಎಂಬ ಮಾತಿನ ಹಿಂದೆ ಆಳುವವರ ಅನ್ಯಾಯದ ಕುರಿತ ಎಚ್ಚರಿಕೆಯೂ ಇರುತ್ತದೆ ಎಂಬುದು ಆಗ ಮರೆಯಾಗುತ್ತದೆ.

ಎರಡನೆಯ ಅಪಾಯ ಇದಕ್ಕೆ ತದ್ವಿರುದ್ಧ. ಪ್ರತಿಯೊಂದು ಪದವನ್ನೂ ಬರೀ ಯೋಗಶಾಸ್ತ್ರದ ಪಟ್ಟಿಯಾಗಿ ಓದುವುದು. ಐದಕ್ಕೆ ಇದು, ಆರಕ್ಕೆ ಅದು ಎಂದು ಲೆಕ್ಕ ಒಪ್ಪಿಸಿದರೆ ಪದ ತಣ್ಣಗಾಗುತ್ತದೆ. ಒಂಬತ್ತು ಬಾಗಿಲ ಮನೆಯನ್ನೇ ಮತ್ತೊಮ್ಮೆ ನೋಡಬಹುದು. ಗೌಡನ ಮೈಗೂ ಒಂಬತ್ತೇ ಬಾಗಿಲು, ಅವನ ಮನೆಯ ಜೀತದಾಳಿಗೂ ಒಂಬತ್ತೇ. ಹಾಗಾದರೆ ಮೇಲು ಕೀಳು ಎಲ್ಲಿಂದ ಬಂತು, ಮುಟ್ಟಿದರೆ ಮೈಲಿಗೆ ಹೇಗಾಯಿತು? ಒಳಗಿನ ಅರ್ಥವೇ ಹೊರಗಿನ ಸಮಾಜಕ್ಕೆ ಹಾಕಿದ ಪ್ರಶ್ನೆಯಾಗುತ್ತದೆ. ಮಡಿವಾಳಪ್ಪನವರ ಶಿಷ್ಯ ಪರಂಪರೆಯಲ್ಲಿ ದಲಿತರಾದ ಖೈನೂರು ಕೃಷ್ಣಪ್ಪ, ಮುಸ್ಲಿಮರಾದ ಚನ್ನೂರು ಜಲಾಲಸಾಹೇಬ ಇದ್ದರೆಂಬುದನ್ನು ನೆನೆದರೆ, ಈ ಪ್ರಶ್ನೆ ಈಗಿನವರು ಹಚ್ಚಿದ ಬಣ್ಣವಲ್ಲ ಎಂದು ತಿಳಿಯುತ್ತದೆ. ಪದ ಹೇಳಿದ್ದನ್ನು ಆ ಶಿಷ್ಯರ ಬದುಕೇ ಬಿಡಿಸಿ ತೋರಿಸಿತ್ತು.

ಹಾಡಿನ ಅರ್ಥದ ತಕರಾರು ಈ ನಾಡಿಗಷ್ಟೇ ಸೇರಿದ್ದಲ್ಲ. ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್ 1967ರಲ್ಲಿ ‘ಲೂಸಿ ಇನ್ ದಿ ಸ್ಕೈ ವಿತ್ ಡೈಮಂಡ್ಸ್’ ಹಾಡನ್ನು ಹೊರತಂದಾಗ, ಆ ಹೆಸರಿನ ಮುಖ್ಯ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅದು ಎಲ್‌ಎಸ್‌ಡಿ ಎಂಬ ಮಾದಕವಸ್ತುವಿನ ಹಾಡೆಂದು ಕೇಳುಗರು ನಿರ್ಧರಿಸಿದರು. ತನ್ನ ಪುಟ್ಟ ಮಗ ಶಾಲೆಯಿಂದ ತಂದ ಚಿತ್ರವೊಂದರಿಂದ ಆ ಹೆಸರು ಬಂತೆಂದು ಜಾನ್ ಲೆನನ್ ಹೇಳಿದರೂ ಬಹಳ ಮಂದಿ ನಂಬಲಿಲ್ಲ. ತಾನು ಓದಿದ ಶಾಲೆಯಲ್ಲಿ ಬೀಟಲ್ಸ್ ಹಾಡುಗಳಿಗೆ ಅರ್ಥ ಬರೆಸುತ್ತಿದ್ದಾರೆಂಬ ಕಾಗದ ಅದೇ ವರ್ಷ ಲೆನನ್‌ಗೆ ಬಂತು. ಯಾರೂ ಬಿಡಿಸಲಾಗದಂಥ ಸಾಲುಗಳನ್ನು ಬೇಕೆಂದೇ ಹೆಣೆದು ಆತ ‘ಐ ಆ್ಯಮ್ ದಿ ವಾಲ್ರಸ್’ ಬರೆದ. ಅದಕ್ಕೂ ಅರ್ಥ ಹುಡುಕುವವರು ಹುಟ್ಟಿಕೊಂಡರು!

ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸವಿದೆ. ಧ್ವನಿಮುದ್ರಿಕೆಯನ್ನು ಕೊಂಡ ಕೇಳುಗ ಹೆಚ್ಚಾಗಿ ತನ್ನ ಕೋಣೆಯಲ್ಲಿ ಒಬ್ಬನೇ ಕುಳಿತು ಅರ್ಥ ಕಟ್ಟಿಕೊಳ್ಳುತ್ತಿದ್ದ. ಭಜನೆಯ ಕಟ್ಟೆಯಲ್ಲಿ ಹೇಳಿದ ಅರ್ಥ ಹತ್ತು ಜನರ ಮುಂದೆ ನಿಲ್ಲಬೇಕು. ಒಂದೆರಡು ಸಾಲಿಗೆ ಹೊಂದಿ ಉಳಿದ ನುಡಿಗಳಿಗೆ ಹೊಂದದಿದ್ದರೆ ಅದು ಬಿದ್ದುಹೋಗುತ್ತದೆ. ಅದೇ ಪರಂಪರೆಯ ಬೇರೆ ಪದಗಳ ಜೊತೆ ಕೂಡಿ ಬರದಿದ್ದರೂ ಬಿದ್ದುಹೋಗುತ್ತದೆ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಇದು ಬಹಿರಂಗ ಪಂದ್ಯದ ರೂಪವನ್ನೇ ತಾಳಿದೆ. ಒಂದು ಮೇಳ ಶಿವನ ಪಕ್ಷ, ಇನ್ನೊಂದು ಶಕ್ತಿಯ ಪಕ್ಷ ಹಿಡಿಯುತ್ತದೆ. ಒಬ್ಬರು ಹಾಕಿದ ಸವಾಲಿಗೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಹೀಗೆ ನೋಡಿದರೆ ಒಂದು ಪದಕ್ಕೆ ಅರ್ಥ ಒಂದೇ ಅಲ್ಲ, ಹಾಗೆಂದು ಬಾಯಿಗೆ ಬಂದದ್ದೆಲ್ಲ ಅರ್ಥವೂ ಅಲ್ಲ.

ಈಗ ಬದಲಾಗಿರುವುದು ಈ ಕೂಟವೇ. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ, ಸಿ. ಅಶ್ವತ್ಥರ ಸಂಗೀತ ಮತ್ತು ಕ್ಯಾಸೆಟ್ಟುಗಳ ಮೂಲಕ ತತ್ವಪದ ನಾಡಿನ ಮನೆಮನೆಗೆ ತಲುಪಿತು. ಅದು ದೊಡ್ಡ ಉಪಕಾರ. ಆದರೆ ಕೋಳಿ ಕೋತಿಯನ್ನು ನುಂಗುವ ಷರೀಫರ ಹಾಡನ್ನು ಬಹಳ ಜನ ಮಕ್ಕಳ ವಿನೋದದ ಹಾಡೆಂದೇ ಕುಣಿದು ಕೇಳಿದರು. ಕೋತಿ ಎಂದರೆ ಕೊಂಬೆಯಿಂದ ಕೊಂಬೆಗೆ ಹಾರುವ ಮನಸ್ಸು ಎಂದು ಹೇಳುವ ಮುತ್ಯಾ ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ಇಂದು ಮೊಬೈಲಿನಲ್ಲೂ ಪದ ಸಿಗುತ್ತದೆ, ಅದನ್ನು ಬಿಡಿಸುವ ಮಾತು ಸಿಗುವುದು ಅಪರೂಪ.

ತತ್ವಪದಗಳನ್ನು ಸಂಗ್ರಹಿಸಿ ಹತ್ತಾರು ಸಂಪುಟಗಳಲ್ಲಿ ಅಚ್ಚು ಹಾಕುವ ಕೆಲಸ ಕನ್ನಡದಲ್ಲಿ ನಡೆದಿದೆ. ಅದರಿಂದ ಪದ ಉಳಿದೀತು. ಆದರೆ ಅಚ್ಚಾದ ಪುಟ ಹಾಡಿದ್ದನ್ನು ಹಿಡಿದಿಡುತ್ತದೆ, ಹಾಡು ಮುಗಿದ ಮೇಲಿನ ವಾದವನ್ನು ಹಿಡಿದಿಡುವುದಿಲ್ಲ. ಯಾವ ಊರಿನಲ್ಲಿ ಯಾವ ಪದಕ್ಕೆ ಯಾರು ಏನು ಅರ್ಥ ಹೇಳಿದರು, ಯಾರು ಅದನ್ನು ಒಪ್ಪಲಿಲ್ಲ, ಏಕೆ ಒಪ್ಪಲಿಲ್ಲ ಎಂಬುದನ್ನೂ ಹಿರಿಯ ಭಜನಾಕಾರರ ಬಾಯಿಂದ ಬರೆದುಕೊಳ್ಳಬೇಕಾಗಿದೆ. ಕೀಲಿ ಹಾಕಿದ ಪೆಟ್ಟಿಗೆಯನ್ನು ಜೋಪಾನವಾಗಿ ಕಾಯ್ದು ಕೀಲಿಕೈ ಕಳೆದುಕೊಂಡರೆ, ಮುಂದಿನವರ ಪಾಲಿಗೆ ಉಳಿಯುವುದು ಪೆಟ್ಟಿಗೆಯ ಭಾರ ಮಾತ್ರ.