ಕ್ವಾರ್ಕುಗಳ ಅಪೂರ್ವ ಕೂಟ

ಪರಮಾಣುವೇ ವಸ್ತುವಿನ ಕಟ್ಟಕಡೆಯ ಘಟಕವೆಂಬ ನಂಬಿಕೆ ಬಹುಕಾಲ ನೆಲೆಸಿತ್ತು. ಅದರೊಳಗೆ ಬೀಜಕೇಂದ್ರವೂ, ಬೀಜಕೇಂದ್ರದಲ್ಲಿ ಪ್ರೋಟಾನ್, ನ್ಯೂಟ್ರಾನುಗಳೂ ಇವೆಯೆಂದು ತಿಳಿದಾಗ ಆ ನಂಬಿಕೆ ಅಳಿಯಿತು. ಪ್ರೋಟಾನು ಕೂಡ ಅಖಂಡವಲ್ಲ, ಅದು ಇನ್ನೂ ಸೂಕ್ಷ್ಮವಾದ ಕಣಗಳ ಕೂಟವೆಂದು 1964ರಲ್ಲಿ ಮರ್ರೆ ಗೆಲ್-ಮನ್ ಮತ್ತು ಜಾರ್ಜ್ ಜ್ವೈಗ್ ಎಂಬ ಭೌತವಿಜ್ಞಾನಿಗಳು ಪ್ರತ್ಯೇಕವಾಗಿ ಸೂಚಿಸಿದರು. ಆ ಕಣಗಳಿಗೆ ಗೆಲ್-ಮನ್ ಇಟ್ಟ ಹೆಸರು ಕ್ವಾರ್ಕ್.

ಕ್ವಾರ್ಕುಗಳಲ್ಲಿ ಆರು ಬಗೆ: ಅಪ್, ಡೌನ್, ಸ್ಟ್ರೇಂಜ್, ಚಾರ್ಮ್, ಬಾಟಮ್ ಮತ್ತು ಟಾಪ್. ಪ್ರತಿಯೊಂದಕ್ಕೂ ಒಂದು ಪ್ರತಿಕ್ವಾರ್ಕ್ ಉಂಟು. ಎರಡು ಅಪ್, ಒಂದು ಡೌನ್ ಸೇರಿದರೆ ಪ್ರೋಟಾನ್. ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಸೇರಿದರೆ ಮೆಸಾನ್. ಇವುಗಳನ್ನು ಬಂಧಿಸಿರುವ ಪ್ರಬಲ ಬಲದ ಸ್ವಭಾವ ವಿಚಿತ್ರವಾದುದು. ಗುರುತ್ವ ಹಾಗೂ ವಿದ್ಯುತ್ ಬಲಗಳು ದೂರ ಹೆಚ್ಚಿದಂತೆ ಕ್ಷೀಣಿಸುತ್ತವೆ. ಈ ಬಲವಾದರೋ ಹಾಗೆ ಕ್ಷೀಣಿಸದು. ಆದುದರಿಂದಲೇ ಕ್ವಾರ್ಕನ್ನು ಒಂಟಿಯಾಗಿ ಬೇರ್ಪಡಿಸಲು ಯಾರಿಗೂ ಸಾಧ್ಯವಾಗಿಲ್ಲ.

ಹಾಗಾದರೆ ನಾಲ್ಕು ಅಥವಾ ಐದು ಕ್ವಾರ್ಕುಗಳು ಏಕೆ ಒಟ್ಟುಗೂಡಬಾರದು? ಇದು ಸಾಧ್ಯವೆಂದು ಗೆಲ್-ಮನ್ 1964ರಲ್ಲೇ ಬರೆದಿದ್ದರು. 2003ರಲ್ಲಿ ಐದು ಕ್ವಾರ್ಕುಗಳ ಕಣ ದೊರೆಯಿತೆಂದು ಕೆಲವು ಪ್ರಯೋಗಶಾಲೆಗಳು ಸಾರಿದವು. ಹೆಚ್ಚಿನ ಮಾಹಿತಿ ಕಲೆಹಾಕಿ ಪರೀಕ್ಷಿಸಿದಾಗ ಅದರ ಸುಳಿವೇ ಕಾಣಲಿಲ್ಲ. ಪುನಃಪರೀಕ್ಷೆಯ ಒರೆಗಲ್ಲಿಗೆ ನಿಲ್ಲದ ಮಾತನ್ನು ವಿಜ್ಞಾನ ಒಪ್ಪುವುದಿಲ್ಲ.

ಅದೇ ವರ್ಷ ಜಪಾನಿನ ತ್ಸುಕುಬಾದಲ್ಲಿ ನಡೆದ ಬೆಲ್ ಪ್ರಯೋಗದಲ್ಲಿ ಎಕ್ಸ್-3872 ಎಂಬ ಕಣ ಕಂಡುಬಂದಿತು. ಅದರ ರಾಶಿ ಪ್ರೋಟಾನಿನ ನಾಲ್ಕುಪಟ್ಟಿಗಿಂತ ತುಸು ಹೆಚ್ಚು. ಅದರ ಗುಣಗಳು ಸಾಮಾನ್ಯ ಮೆಸಾನಿನ ಲೆಕ್ಕಾಚಾರಕ್ಕೆ ಹೊಂದಲಿಲ್ಲ. 2013ರಲ್ಲಿ ಬೀಜಿಂಗ್ ಮತ್ತು ತ್ಸುಕುಬಾಗಳ ವಿಜ್ಞಾನಿಗಳು ಚಾರ್ಮ್ ಹಾಗೂ ಪ್ರತಿಚಾರ್ಮ್ ಜೋಡಿಯನ್ನುಳ್ಳ, ವಿದ್ಯುದಾವೇಶವೂ ಇದ್ದ ಕಣವೊಂದನ್ನು ಗುರುತಿಸಿದರು. ಆ ಜೋಡಿಯ ಆವೇಶಗಳನ್ನು ಕೂಡಿದರೆ ಸೊನ್ನೆ. ಆದರೂ ಕಣಕ್ಕೆ ಆವೇಶವಿರಬೇಕಾದರೆ ಕಡೆಯಪಕ್ಷ ಇನ್ನೂ ಎರಡು ಘಟಕಗಳು ಇರಲೇಬೇಕು, ಒಟ್ಟು ನಾಲ್ಕಾಯಿತಷ್ಟೆ! 2015ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ಐದರ ಕೂಟವಾದ ಪೆಂಟಾಕ್ವಾರ್ಕ್ ಕೂಡ ದೊರೆಯಿತು.

ಕ್ಷಣದ ಅತಿಸೂಕ್ಷ್ಮ ಭಾಗದಲ್ಲಿ ಅಳಿಯುವ ಈ ಕಣಗಳ ಒಳರಚನೆ ಎಂಥದು? ಎಲ್ಲ ಕ್ವಾರ್ಕುಗಳೂ ಒಂದೇ ಮುದ್ದೆಯಾಗಿವೆಯೇ, ಅಥವಾ ಎರಡು ಕಣಗಳು ಸಡಿಲವಾಗಿ ಹೆಣೆದುಕೊಂಡಿವೆಯೇ? ಈ ಚರ್ಚೆ ಇನ್ನೂ ಮುಗಿದಿಲ್ಲ. ಉತ್ತರ ದೊರೆತರೆ ಪ್ರಬಲ ಬಲದ ವರ್ತನೆ ಸ್ಪಷ್ಟವಾದೀತು. ಪ್ರೋಟಾನಿನ ರಾಶಿಯಲ್ಲಿ ಕ್ವಾರ್ಕುಗಳ ಸ್ವಂತ ರಾಶಿ ಅತ್ಯಲ್ಪ. ಬಹುಭಾಗ ಬಂದಿರುವುದು ಈ ಬಲದ ಶಕ್ತಿಯಿಂದ. ನಮ್ಮ ದೇಹದ ತೂಕದ ಬಹುಪಾಲಿಗೂ ಅದೇ ಮೂಲ. ಆ ಅಲ್ಪಾಯು ಕಣಗಳನ್ನು ಅರಿಯುವುದೆಂದರೆ ನಾವು ಯಾವುದರಿಂದ ಆಗಿದ್ದೇವೆಂಬುದನ್ನು ಅರಿಯುವುದೇ ಆಗಿದೆ.