ಕೊಳವೆಯೊಳಗಿನ ಸಾಬೂನು

ಯಶವಂತಪುರದ ಮೆಟ್ರೊ ನಿಲ್ದಾಣಕ್ಕೆ ಮುಂದಿನದೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ. ಮೈಸೂರು ಸಂಸ್ಥಾನವು 1916ರಲ್ಲಿ ಆರಂಭಿಸಿದ ಸಾಬೂನು ಉದ್ಯಮದ ಹೆಸರು ಹೀಗೆ ಪ್ರಯಾಣಿಕರ ನಾಲಗೆಯಲ್ಲಿ ನೆಲಸಿದೆ. ತೈಲವನ್ನು ಕಾಸ್ಟಿಕ್ ಸೋಡದೊಡನೆ ಕಾಯಿಸಿದಾಗ ಅದರಲ್ಲಿನ ಮೇದಾಮ್ಲಗಳು ಗ್ಲಿಸರಿನ್ನನ್ನು ತೊರೆದು ಸೋಡಿಯಮ್ಮನ್ನು ಕೂಡಿಕೊಳ್ಳುವುದರಿಂದ ನೀರಿನಲ್ಲಿ ಕರಗುವ ಸಾಬೂನು ಹುಟ್ಟುತ್ತದೆ. ಈ ಸಾಬೂನಿನ ದಾಯಾದಿಯೊಂದು ಯಲಹಂಕ, ಹೆಬ್ಬಾಳಗಳ ಅಡಿಗೆಮನೆಗಳಲ್ಲಿ ಸಿಂಕಿನ ಕೆಳಗೆ, ಯಾರ ಅಪ್ಪಣೆಯನ್ನೂ ಕಾಯದೆ ತಯಾರಾಗುತ್ತಿರುತ್ತದೆ.

ಶಿಲೆಯ ಬಿರುಕುಗಳಲ್ಲಿ ನಿಧಾನವಾಗಿ ಇಳಿದ ಕೊಳವೆಬಾವಿಯ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುವುದೆಂಬುದಕ್ಕೆ ನಲ್ಲಿಯ ಬಾಯಿಗೆ ಕಟ್ಟುವ ಬಿಳಿಯ ಹಕ್ಕಳೆಯೇ ಸಾಕ್ಷಿ. ಬೋಂಡ ಕರಿದ ಬಾಣಲೆಯಿಂದಲೂ ಒಗ್ಗರಣೆಯ ಸೌಟಿನಿಂದಲೂ ಹರಿದುಬಂದ ಜಿಡ್ಡನ್ನು ಕೊಳವೆಯೊಳಗಿನ ಸೂಕ್ಷ್ಮಜೀವಿಗಳು ಒಡೆದು ಮೇದಾಮ್ಲಗಳನ್ನು ಬಿಡುಗಡೆಮಾಡಲು, ಅವು ಸೋಡಿಯಮ್ಮಿಗೆ ಬದಲಾಗಿ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು, ನೀರಿನಲ್ಲಿ ಕರಗದ ಮೇಣದಂಥ ಪದಾರ್ಥವಾಗಿ ಗೋಡೆಗೆ ಅಂಟುತ್ತವೆ. ಅದಕ್ಕೆ ಅನ್ನದ ಅಗುಳು, ರಾಗಿಯ ಗಸಿ, ಕಾಯಿತುರಿಗಳು ಸಿಕ್ಕಿಕೊಂಡರೆ ದಾರಿ ಮುಚ್ಚಿತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗೆ ಹೆಪ್ಪುಗಟ್ಟುವುದರಿಂದ ಧನುರ್ಮಾಸದ ಚಳಿಯಲ್ಲಿ ಈ ಉಪದ್ರವ ಇನ್ನೂ ಹೆಚ್ಚು. ಲಂಡನ್ನಿನ ವೈಟ್‌ಚಾಪೆಲ್ಲಿನಲ್ಲಿ 2017ರಲ್ಲಿ ಕಂಡುಬಂದ ಇಂಥದೇ ಜಿಡ್ಡಿನ ಗಡ್ಡೆ 250 ಮೀಟರು ಉದ್ದವಿದ್ದು ಸುಮಾರು 130 ಟನ್ನು ತೂಗುತ್ತಿತ್ತು.

ಅಡಿಗೆ ಸೋಡಕ್ಕೆ ವಿನೆಗರ್ ಸುರಿದು ನೊರೆಯೆಬ್ಬಿಸುವ ಉಪಾಯ ಜನಪ್ರಿಯವಾದರೂ, ಕ್ಷಾರವೂ ಆಮ್ಲವೂ ಪರಸ್ಪರ ತಟಸ್ಥವಾಗಿ ಉಳಿಯುವುದು ಬಹುಮಟ್ಟಿಗೆ ಉಪ್ಪುನೀರೆಂದಮೇಲೆ, ಅದರ ಪರಾಕ್ರಮ ಕಣ್ಣಿಗೆ ಮಾತ್ರವೆನ್ನಬೇಕು. ಕಾಸ್ಟಿಕ್ ಸೋಡ ನಿಜವಾಗಿಯೂ ಜಿಡ್ಡನ್ನು ಸಾಬೂನಾಗಿಸಬಲ್ಲದು. ಆದರೆ ಆಗಲೇ ಕ್ಯಾಲ್ಸಿಯಮ್ಮಿನ ಸಾಬೂನಾಗಿರುವುದರ ಮೇಲೆ ಅದರ ಆಟ ಹೆಚ್ಚು ನಡೆಯದು. ನೀರಿನಲ್ಲಿ ಅದು ಕರಗುವಾಗ ಹುಟ್ಟುವ ಶಾಖವೂ, ಕಣ್ಣು ಚರ್ಮಗಳನ್ನು ಸುಡುವ ಅದರ ಸ್ವಭಾವವೂ ಸಾಮಾನ್ಯವಲ್ಲ. ಬ್ಲೀಚಿಂಗ್ ದ್ರವಕ್ಕೆ ಆಮ್ಲ ಬೆರೆತರಂತೂ ವಿಷಾನಿಲವಾದ ಕ್ಲೋರಿನ್ ಹೊರಡುತ್ತದೆ.

ನನ್ನ ಒಲವು ಬಲಪ್ರಯೋಗದ ಕಡೆಗೇ. ನೀರನ್ನು ಅದುಮಿ ಕುಗ್ಗಿಸಲು ಸಾಧ್ಯವಿಲ್ಲವಾದ್ದರಿಂದ, ಸಿಂಕಿನಲ್ಲಿ ಸ್ವಲ್ಪ ನೀರು ನಿಲ್ಲಿಸಿ, ಪಕ್ಕದ ರಂಧ್ರವಿದ್ದರೆ ಅದನ್ನು ಒದ್ದೆಬಟ್ಟೆಯಿಂದ ಬಿಗಿದು, ರಬ್ಬರಿನ ಬಟ್ಟಲಿರುವ ಪಂಪಿನಿಂದ ಒತ್ತಿ ಎಳೆದರೆ, ಕೈಯ ಬಲ ನೇರವಾಗಿ ತಡೆಯನ್ನು ತಾಕುತ್ತದೆ. ಅದಕ್ಕೂ ಜಗ್ಗದಿದ್ದರೆ ಕೆಳಗೆ ಬಕೆಟ್ಟಿಟ್ಟು, ಬಾಗಿದ ಕೊಳವೆಯನ್ನು ತಿರುಚಿ ಬಿಚ್ಚಿ, ತಂತಿಯಿಂದ ಕೆರೆದು ತೆಗೆಯತಕ್ಕದ್ದು. ಹಾಗೆ ಬಂದುದನ್ನು ಕಸಕ್ಕೆ ಹಾಕಬೇಕೇ ಹೊರತು ಬಚ್ಚಲಿಗಲ್ಲ. ಮರಳಿ ಜೋಡಿಸಿದ ಮೇಲೆ ಒಂದು ಚೆಂಬು ನೀರು ಹುಯ್ಯುವುದನ್ನು ಮರೆಯಬಾರದು: ಲಂಡನ್ನಿನ ಗಡಿಯಾರದ ಕುಶಲಿ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಶೌಚಾಲಯಕ್ಕಾಗಿ ಪೇಟೆಂಟ್ ಪಡೆದ ಬಾಗುಕೊಳವೆಯಲ್ಲಿದ್ದಂತೆ ಇಲ್ಲಿಯೂ, ಮೋರಿಯ ದುರ್ವಾಯುವನ್ನು ಮನೆಯೊಳಗೆ ಬಿಡದೆ ತಡೆಯುವುದು ಆ ಬಾಗಿನಲ್ಲಿ ನಿಂತ ನೀರೇ.